ನಾವು ಯಾವ ಜಿಲ್ಲೆಯ ಲೆಕ್ಕ?



ಬಾಂದ್ರಾದ ಹೊಟೇಲುಗಳಲ್ಲಿ ದುಡಿಯುವ ನಮ್ಮವರನ್ನು ಯಾವ ಜಿಲ್ಲೆಯೆಂದು ಕೇಳಿ ನೋಡಿರಿ. ಕುಂದಾಪುರದ ಹಿರಿಯರು ಇಂದಿಗೂ ದಕ್ಷಿಣ ಕನ್ನಡವೆಂದೇ ಹೇಳುತ್ತಾರೆ. ಉಡುಪಿ, ಕುಂದಾಪುರ, ಕಾರ್ಕಳ ತಾಲೂಕುಗಳು ಅದರಿಂದ ಬೇರೆಯಾಗಿ ಉಡುಪಿ ಜಿಲ್ಲೆಯಾದದ್ದು 1997ರ ಆಗಸ್ಟಿನಲ್ಲಿ. 2018ರಲ್ಲಿ ಬೈಂದೂರು, ಬ್ರಹ್ಮಾವರ, ಕಾಪು, ಹೆಬ್ರಿ ಸೇರಿ ತಾಲೂಕುಗಳು ಏಳಾದವು. ಕಚೇರಿ ಮನೆಯ ಹತ್ತಿರ ಬಂದರೆ ಬೇಡವೆನ್ನುವವರಾರು? ಆದರೆ ಜಿಲ್ಲೆಯೆಂದರೆ ಕಚೇರಿಯಷ್ಟೇ ಅಲ್ಲ, ಜನ. ಆ ಜನರ ಲೆಕ್ಕ ನೋಡಿದರೆ ನಾವು ಬಿಟ್ಟು ಬಂದ ಜಾಗ ಕಾಣುತ್ತದೆ.

2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಜನ 11,77,361. ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಹಳ್ಳಿಯವರು. ಅದರ ಹಿಂದಿನ ಹತ್ತು ವರ್ಷಗಳಲ್ಲಿ ರಾಜ್ಯದ ಜನ ನೂರಕ್ಕೆ 15ಕ್ಕೂ ಹೆಚ್ಚು ಬೆಳೆದರೆ ಉಡುಪಿ ಬೆಳೆದದ್ದು 6ಕ್ಕೂ ಕಡಿಮೆ. ಗಂಡಸರು 5,62,131, ಹೆಂಗಸರು 6,15,230. ಐವತ್ತಮೂರು ಸಾವಿರ ಗಂಡಸರು ಕಡಿಮೆ! ಇದು ಅಳಿಯಕಟ್ಟಿನ ನಾಡು, ಇಲ್ಲಿ ಹೆಣ್ಣೇ ಹೆಚ್ಚು ಎಂದು ವೇದಿಕೆಯಲ್ಲಿ ಹೆಮ್ಮೆಪಡುವವರಿದ್ದಾರೆ. ಹೆಮ್ಮೆ ಇರಲಿ. ಗಂಡಸರು ಎಲ್ಲಿಗೆ ಹೋದರೆಂದು ಅವರು ಮುಂಬಯಿ, ಬೆಂಗಳೂರು, ಗಲ್ಫುಗಳ ಕಡೆ ತಿರುಗಿ ನೋಡಬೇಕು.

ಬಾಂದ್ರಾವೂ ಒಂದು ಜಿಲ್ಲೆಯ ಕೇಂದ್ರವೇ. 1990ರಲ್ಲಿ ಮುಂಬಯಿ ಉಪನಗರ ಜಿಲ್ಲೆ ಬೇರೆಯಾಯಿತು. ಅದರ ಕಲೆಕ್ಟರರ ಕಚೇರಿ ಬಾಂದ್ರಾ ಪೂರ್ವದಲ್ಲಿದೆ. 2011ರಲ್ಲಿ ಇಲ್ಲಿ 93,56,962 ಜನ. ಸಾವಿರ ಗಂಡಸರಿಗೆ 860 ಹೆಂಗಸರು. ಉಡುಪಿಯಲ್ಲಿ ಸಾವಿರಕ್ಕೆ 1,094. ಈ ಅಂತರವೆಲ್ಲ ನಮ್ಮಿಂದಲೇ ಆದದ್ದಲ್ಲ; ಉತ್ತರ ಪ್ರದೇಶದ, ಕೊಂಕಣದ ಬಂಧುಗಳೂ ಹೀಗೆಯೇ ಮನೆ ಬಿಟ್ಟು ಬಂದವರು.

ಗಣತಿಯ ಅವಧಿಯುದ್ದಕ್ಕೂ ಮನೆಯಲ್ಲಿಲ್ಲದವನನ್ನು ಆ ಮನೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಊರಿನ ಲೆಕ್ಕದಿಂದ ನಾವು ಹೋದೆವು. ಇಲ್ಲಿಯ ಲೆಕ್ಕಕ್ಕಾದರೂ ಬಂದೆವೇ? ಗಿರಣಿಯ ಬಂಧುವಿಗೆ ಚಾಳಿನಲ್ಲಿ ಒಂದು ಖೋಲಿ, ಅದಕ್ಕೊಂದು ನಂಬರು ಇರುತ್ತಿತ್ತು. ಹೊಟೇಲಿನ ಹುಡುಗ ನಡುರಾತ್ರಿ ಬಾಗಿಲೆಳೆದ ಮೇಲೆ ಮೇಜಿನ ಮೇಲೋ ಅಟ್ಟದ ಮೇಲೋ ಮಲಗುವವನು. ಗಣತಿಯವರು ಬರುವುದು ಹಗಲಿನಲ್ಲಿ. "ಇಲ್ಲಿ ಯಾರು ವಾಸವಿದ್ದಾರೆ?" ಎಂದರೆ ಗಲ್ಲೆಯಲ್ಲಿ ಕುಳಿತವರು, "ಇದು ಹೊಟೇಲು, ಯಾರೂ ಇಲ್ಲ" ಎನ್ನುತ್ತಾರೆ. ಒಳಗೆ ಹನ್ನೆರಡು ಮಂದಿ ಪಾತ್ರೆ ತೊಳೆಯುತ್ತಿರುತ್ತಾರೆ. ಈ ಉತ್ತರವನ್ನು ನಾವು ಕಿವಿಯಾರೆ ಕೇಳಿದ್ದೇವೆ. ಶಾಸನಸಭೆಯ ಸ್ಥಾನ, ಸರ್ಕಾರದ ಅನುದಾನ, ರೇಷನ್, ಎಲ್ಲಕ್ಕೂ ತಲೆ ಎಣಿಕೆಯೇ ಆಧಾರವಾಗಿರುವಾಗ ಎರಡು ಜಿಲ್ಲೆಗಳ ನಡುವೆ ಬಿದ್ದುಹೋದವನು ಯಾರ ಬಾಗಿಲಲ್ಲಿ ನಿಂತು ಕೇಳಬೇಕು?

2021ರ ಗಣತಿ ನಡೆಯಲಿಲ್ಲ. ಮುಂದಿನದಕ್ಕೆ ಸರ್ಕಾರ 2027ರ ಮಾರ್ಚ್ 1ನ್ನು ಗೊತ್ತುಮಾಡಿದೆ. ಮೊಬೈಲಿನಲ್ಲಿ ನಾವೇ ವಿವರ ತುಂಬುವ ಅವಕಾಶವನ್ನೂ ಹೇಳಿದೆ. ಸಂಘದ ಪ್ರತಿ ಶಾಖೆಯೂ ತನ್ನ ಬೀದಿಯ ಹೊಟೇಲುಗಳಲ್ಲಿ ರಾತ್ರಿ ಮಲಗುವವರ ಪಟ್ಟಿಯನ್ನು ಈಗಲೇ ಮಾಡಿಟ್ಟು, ಗಣತಿಯವರು ಬಂದಾಗ ಕೈಗೆ ಕೊಡಬೇಕು. ಧಣಿಗಳಿಗೂ ಮೊದಲೇ ತಿಳಿಸಿಡಿರಿ, ಇದು ತಪಾಸಣೆಯಲ್ಲವೆಂದು. ಹುಟ್ಟಿದ ಜಿಲ್ಲೆ ಯಾವುದೆಂದರೆ ಹಳೆಯ ರೂಢಿಯ ಹೆಸರು ಬೇಡ, ಉಡುಪಿಯವರು ಉಡುಪಿಯೆಂದೇ ಬರೆಸಿರಿ. ಮಾತೃಭಾಷೆ ತುಳುವಾದವರು ತುಳುವೆಂದೇ ಹೇಳಲಿ, ನಮ್ಮ ಸಂಘಕ್ಕೆ ಅದರಿಂದ ಮುನಿಸಿಲ್ಲ. ಬಲ್ಲ ಇತರ ಭಾಷೆಗಳ ಪ್ರಶ್ನೆ ಬಂದಾಗ ಕನ್ನಡವನ್ನು ಮರೆಯದಿದ್ದರಾಯಿತು. ಬಂದ ಕಾರಣವೇನೆಂದು ಕೇಳಿದರೆ ದುಡಿಮೆ ಎನ್ನಿರಿ.