ಚೂಟಿತನವೂ ಕೈಗೆಲಸವೂ

"ಮಗಳು ಚೂಟಿಯೇ?" ಎಂದು ನಮ್ಮನ್ನು ಕೇಳುವ ತಾಯ್ತಂದೆಗಳು ಬಹುಮಂದಿ, "ಹಿಡಿದ ಕೆಲಸವನ್ನು ಚೆನ್ನಾಗಿ ಮುಗಿಸುವಳೇ?" ಎಂದು ಕೇಳುವವರು ವಿರಳ. ನಮ್ಮ ಅಭಿಪ್ರಾಯದಲ್ಲಿ ಎರಡನೆಯ ಪ್ರಶ್ನೆಯೇ ದೊಡ್ಡದು. ನಮ್ಮ ಮಡಿಕೇರಿಯಲ್ಲಿಯೂ ಕೆಲಕಾಲವಿದ್ದ ರೆವರೆಂಡ್ ಕಿಟ್ಟೆಲರು ಸುಮಾರು 70,000 ಕನ್ನಡ ಶಬ್ದಗಳನ್ನು ವರ್ಷಾನುವರ್ಷ ಕೂಡಿಸಿ, ಒಂದೊಂದಕ್ಕೂ ಅರ್ಥ ಬರೆದರು. ಆ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕೇವಲ ಚುರುಕುಬುದ್ಧಿಯಿಂದ ಅದು ಆಗುವಂತಿದ್ದರೆ ಎಷ್ಟು ಮಂದಿ ಮಾಡಿ ಮುಗಿಸುತ್ತಿದ್ದರೋ!

ಸೂಜಿಯ ಕೆಲಸದಲ್ಲಿಯೂ ಹೀಗೆಯೇ. ಧಾರವಾಡ ಸೀಮೆಯ ಕಸೂತಿಯನ್ನು ತಿರುವಿ ನೋಡಿರಿ: ಗಂಟು ಕಾಣದು, ಗವಂತಿ ಹೊಲಿಗೆಯಾದರೆ ಒಳಮೈಯೂ ಹೊರಮೈಯಂತೆಯೇ ಇರುವುದು. ಆದಕಾರಣ ಹೊಲಿಗೆಯ ತರಗತಿಯಲ್ಲಿ ನಾವು ಮೊದಲು ನೋಡುವುದು ಬಟ್ಟೆಯ ಹಿಂಬದಿಯನ್ನು. ಥಟ್ಟನೆ ಉತ್ತರ ಹೇಳಬಲ್ಲ ಕೆಲವು ಹುಡುಗಿಯರಿಗೆ ಇದರಿಂದ ಬೇಸರವುಂಟೆಂದು ಬಲ್ಲೆವು. ಬಹುಮಾನವನ್ನು ಮಾತ್ರ ಅಲ್ಲಿಯೇ ತೀರ್ಮಾನಿಸುತ್ತೇವೆ.