ವಿಷಕ್ಕೂ ಒಂದು ಹಾಜರಿ ಪುಸ್ತಕ ಬೇಡವೇ?



ಬರೆದಿಡದ ಹಾಜರಿ ಹಾಜರಿಯೇ ಅಲ್ಲವೆಂದು ತರಗತಿಯಲ್ಲಿ ನಿಮಗೆ ಎಷ್ಟು ಸಲ ಹೇಳಿಲ್ಲ! ಈಚೆಗೆ ನಮ್ಮ ಉಳವಿಯ ಹಿತ್ತಲಿನಲ್ಲಿ ನಿಂತಾಗ ಆ ಮಾತು ಮತ್ತೆ ನೆನಪಾಯಿತು.

ಮಳೆ ಬಿಡುವು ಕೊಟ್ಟಿದ್ದ ಒಂದು ಬಿಸಿಲಿನ ಮಧ್ಯಾಹ್ನ ಪಕ್ಕದ ಮೆಕ್ಕೆಜೋಳದ ಹೊಲಕ್ಕೆ ಕಳೆನಾಶಕ ಹೊಡೆದರು. ವಾರ ಕಳೆಯುವುದರೊಳಗೆ ನಮ್ಮ ಬೆಂಡೆ, ಟೊಮೆಟೊ, ಅವರೆಯ ಚಿಗುರುಗಳು ಮುರುಟಿಕೊಂಡವು. ಯಾವ ಔಷಧಿ, ಎಷ್ಟು ಎಂದು ವಿಚಾರಿಸಿದೆ. ಹೊಡೆದ ಆಳಿಗೆ ಹೆಸರು ಗೊತ್ತಿಲ್ಲ. ಹೊಲದವರ ಬಳಿ ಡಬ್ಬಿಯೂ ಉಳಿದಿಲ್ಲ. ದೂರು ಹೇಳಲು ಹೋದಲ್ಲಿ, "ಆಧಾರವೇನು ಮೇಷ್ಟ್ರೇ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಅಗಲ ಎಲೆಯ ಕಳೆಗಳಿಗೆ ಹೊಡೆಯುವ 2,4-ಡಿ ಎಂಬ ಕಳೆನಾಶಕದ ಈಥೈಲ್ ಎಸ್ಟರ್ ರೂಪವು ಬಿಸಿಲಿಗೆ ಆವಿಯಾಗುತ್ತದೆ. ಹೊಡೆಯುವಾಗ ಗಾಳಿಗೆ ತೇಲುವ ಹನಿಗಳಲ್ಲದೆ, ಹೊಡೆದಾದ ಮೇಲೆ ಎಲೆ, ಮಣ್ಣುಗಳಿಂದೇಳುವ ಆವಿಯೂ ನೆರೆಯ ಬೆಳೆಯನ್ನು ತಲುಪಬಲ್ಲದು. ಅದರ ಸೋಡಿಯಂ, ಅಮೈನ್ ಲವಣಗಳು ಅಷ್ಟಾಗಿ ಆವಿಯಾಗುವುದಿಲ್ಲ. ಆದುದರಿಂದ ಯಾವ ರೂಪ, ಯಾವ ಹೊತ್ತು, ಗಾಳಿ ಯಾವ ಕಡೆಗೆ ಎಂಬುದನ್ನು ಅಂದೇ ಬರೆದಿಡದಿದ್ದರೆ ಮರುವಾರ ಯಾರಿಗೂ ಸತ್ಯ ತಿಳಿಯದು.

ಕಾನೂನಾದರೂ ಕೇಳುತ್ತದೆಯೇ? 1971ರ ಕೀಟನಾಶಕ ನಿಯಮಗಳಂತೆ ಅಂಗಡಿಯವರು ಬಿಲ್ಲು ಕೊಡಬೇಕು, ದಾಸ್ತಾನು ಪುಸ್ತಕ ಇಡಬೇಕು. ಕಳೆನಾಶಕಗಳಿಗೂ ಇದು ಅನ್ವಯ. ಆದರೆ ಡಬ್ಬಿ ಹೊಲ ಸೇರಿದೊಡನೆ ಲೆಕ್ಕ ಮುಗಿಯಿತು! ತಾನು ಸಾಗುವಳಿ ಮಾಡುವ ಜಮೀನಿನಲ್ಲಿ ಬಳಸುವುದನ್ನು 1968ರ ಕೀಟನಾಶಕ ಕಾಯ್ದೆಯ 38ನೆಯ ಕಲಮು ಕಾಯ್ದೆಯಿಂದಲೇ ಹೊರಗಿಟ್ಟಿದೆ. ಅಮೆರಿಕದಲ್ಲಿ ನಿರ್ಬಂಧಿತ ಬಳಕೆಯ ಪೀಡೆನಾಶಕವನ್ನು ಹೊಡೆದ ರೈತ 14 ದಿನಗಳೊಳಗೆ ವಿವರ ಬರೆದು 2 ವರ್ಷ ಕಾಪಾಡಬೇಕು.

ನಮ್ಮ ರೈತರಿಗೆ ಇದು ಹೊರೆ ಎನ್ನುವವರಿದ್ದಾರೆ. ಡೇರಿಗೆ ಹಾಕಿದ ಹಾಲಿನ ಲೆಕ್ಕವನ್ನು ದಿನಕ್ಕೆರಡು ಬಾರಿ ಬರೆಸಿಕೊಳ್ಳುವವರಿಗೆ, ಹಂಗಾಮಿಗೆ ಒಂದೆರಡು ಸಲ ಐದು ಸಾಲು ಬರೆಯುವುದು ಹೊರೆಯೇ? ಇದು ರೈತನನ್ನು ಕಟಕಟೆಗೆ ನಿಲ್ಲಿಸುವ ಹುನ್ನಾರವಲ್ಲ. ಸರಿಯಾಗಿ ಹೊಡೆದವನು ತಪ್ಪು ಆರೋಪದಿಂದ ಪಾರಾಗುವುದಕ್ಕೂ ಆ ಐದು ಸಾಲುಗಳೇ ಬೇಕು.

ಕಾಯ್ದೆ ತಿದ್ದುಪಡಿಯಾಗಲೇಬೇಕು. ಅಲ್ಲಿಯವರೆಗೆ, ಜಮೀನನ್ನು ಶುಂಠಿಗೋ ಜೋಳಕ್ಕೋ ಗುತ್ತಿಗೆ ಕೊಟ್ಟು ನಗರ ಸೇರಿರುವ ನಿಮ್ಮಲ್ಲಿ ನನ್ನದೊಂದು ವಿನಂತಿ. ಔಷಧಿಯ ಹೆಸರು, ಪ್ರಮಾಣ, ದಿನ ಮತ್ತು ಹೊತ್ತು, ಗಾಳಿಯ ದಿಕ್ಕು, ಹೊಡೆದವರ ಹೆಸರು ಬರೆದಿಡಬೇಕು. ಅಕ್ಕಪಕ್ಕದವರಿಗೆ ಹಿಂದಿನ ದಿನವೇ ತಿಳಿಸಬೇಕು ಎಂದು ಗುತ್ತಿಗೆ ಪತ್ರದಲ್ಲಿ ಸೇರಿಸಿರಿ. ಜಮೀನು ನಿಮ್ಮ ಹೆಸರಿನಲ್ಲಿರುವ ತನಕ ಅಲ್ಲಿ ಹೊಡೆದ ವಿಷದ ಹೊಣೆಯೂ ನಿಮ್ಮದೇ.