ಟವರ್‌ಗೆ ಹೆದರುವುದೇಕೆ?

ಇಂದು ಧರ್ಮಪುರಿ, ಸೇಲಂ ಜಿಲ್ಲೆಗಳ ಹಳ್ಳಿಗಳಲ್ಲಿಯೂ ಮೊಬೈಲ್ ಇಲ್ಲದ ಮನೆ ಅಪರೂಪ. ಕೆಲಸಕ್ಕೆಂದು ದೂರದ ಊರಿಗೆ ಹೋದ ಅಪ್ಪ ಮಗುವಿನ ದನಿ ಕೇಳುವುದು ಇದರಿಂದಲೇ. ಆದರೆ ಊರಿನ ಪಕ್ಕದಲ್ಲಿ ಟವರ್ ನಿಲ್ಲಿಸಲು ಬಂದರೆ ಕೆಲವರು ಹೆದರುತ್ತಾರೆ. "ಇದರಿಂದ ರೋಗ ಬರುತ್ತದೆ, ಇಲ್ಲಿ ಬೇಡ" ಎನ್ನುತ್ತಾರೆ. ಅವರೇ ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು ಬಹಳ ಹೊತ್ತು ಮಾತನಾಡುತ್ತಾರೆ! ಇದು ಸರಿಯೇ? ಯೋಚಿಸೋಣ.

ಮೊಬೈಲ್ ಮತ್ತು ಟವರ್ ರೇಡಿಯೋ ತರಂಗಗಳ ಮೂಲಕ ಸುದ್ದಿ ಕಳುಹಿಸುತ್ತವೆ. ಈ ತರಂಗಗಳಿಗೆ ಎಕ್ಸ್-ರೇ ಕಿರಣಗಳಷ್ಟು ಶಕ್ತಿ ಇಲ್ಲ. ಆದರೆ ಅವು ಬಹಳ ಪ್ರಬಲವಾಗಿದ್ದರೆ ದೇಹವನ್ನು ಬಿಸಿ ಮಾಡಬಲ್ಲವು. ಆದ್ದರಿಂದಲೇ ಅವುಗಳಿಗೆ ಮಿತಿ ಇದೆ. ಭಾರತದಲ್ಲಿ ಮಾರುವ ಮೊಬೈಲ್‌ಗಳಿಗೆ ಈ ಮಿತಿಯನ್ನು 2012ರಲ್ಲಿ ಕಿಲೋಗ್ರಾಮಿಗೆ 1.6 ವ್ಯಾಟ್ ಎಂದು ಗೊತ್ತುಮಾಡಲಾಯಿತು. ಅದೇ ವರ್ಷ ಟವರ್‌ಗಳ ಮಿತಿಯನ್ನೂ ಮೊದಲಿದ್ದುದರ ಹತ್ತನೆಯ ಒಂದು ಭಾಗಕ್ಕೆ ಇಳಿಸಲಾಯಿತು.

ಒಲೆಯ ಹತ್ತಿರ ಕುಳಿತರೆ ಕಾವು ಹೆಚ್ಚು. ದೂರ ಸರಿದರೆ ಕಾವು ಕಡಿಮೆ. ತರಂಗಗಳೂ ಹಾಗೆಯೇ. ಟವರ್ ನಮ್ಮಿಂದ ದೂರದಲ್ಲಿದೆ. ಮೊಬೈಲ್ ನಮ್ಮ ಕಿವಿಗೇ ಅಂಟಿಕೊಂಡಿದೆ.

ಇನ್ನೊಂದು ಮಾತು. ಎದುರಿಗಿರುವ ಗೆಳೆಯನೊಡನೆ ನಾವು ಮೆಲ್ಲನೆ ಮಾತನಾಡುತ್ತೇವೆ. ಅವನು ಗುಡ್ಡದ ಆಚೆ ಇದ್ದರೆ ಕೂಗುತ್ತೇವೆ. ಮೊಬೈಲ್ ಕೂಡ ಹೀಗೆಯೇ! ಏರ್ಕಾಡಿನ ಬೆಟ್ಟದ ತಿರುವಿನಲ್ಲೋ ಹೊಗೇನಕಲ್ಲಿನ ಕಾಡುದಾರಿಯಲ್ಲೋ ಸಿಗ್ನಲ್ ಕುಗ್ಗಿದರೆ, ಅದು ಹೆಚ್ಚು ಬಲದಿಂದ ತರಂಗಗಳನ್ನು ಕಳುಹಿಸುತ್ತದೆ. ಟವರ್ ಹತ್ತಿರವಿದ್ದರೆ ಅದಕ್ಕೆ ಕಡಿಮೆ ಬಲ ಸಾಕು. ಹಾಗಾದರೆ ಟವರನ್ನು ಓಡಿಸುವುದರಿಂದ ಲಾಭವೇನು? ನಮ್ಮ ಕೈಯಲ್ಲಿರುವ ಮೊಬೈಲೇ ಜೋರಾಗಿ ಕೂಗಬೇಕಾಗುತ್ತದೆ!

ವಿಜ್ಞಾನಿಗಳು ಏನು ಹೇಳುತ್ತಾರೆ? 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಈ ತರಂಗಗಳನ್ನು "ಕ್ಯಾನ್ಸರ್ ತರಬಹುದಾದ ಸಾಧ್ಯತೆ ಇದೆ" ಎಂಬ ಪಟ್ಟಿಗೆ ಸೇರಿಸಿತು. ಸಾಧ್ಯತೆ ಎಂದರೆ ಸಂದೇಹ, ರುಜುವಾತು ಅಲ್ಲ. ಆ ಸಂಸ್ಥೆಯ ಕೋರಿಕೆಯಂತೆ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ತಜ್ಞರು, ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರ್‌ಗೂ ನಂಟು ಕಾಣಲಿಲ್ಲ ಎಂದು 2024ರಲ್ಲಿ ತಿಳಿಸಿದರು. ಸಂಶೋಧನೆ ಇನ್ನೂ ನಡೆಯುತ್ತಿದೆ.

ಆದ್ದರಿಂದ ಭಯವೂ ಬೇಡ, ಅಸಡ್ಡೆಯೂ ಬೇಡ. ಮಾತು ಚಿಕ್ಕದಾಗಿರಲಿ. ಸ್ಪೀಕರ್ ಹಾಕಿ, ಮೊಬೈಲನ್ನು ಕಿವಿಯಿಂದ ದೂರ ಹಿಡಿಯೋಣ. ಸಿಗ್ನಲ್ ಕಡಿಮೆ ಇರುವಲ್ಲಿ ಸ್ವಲ್ಪ ಕಾಯೋಣ. ಮಲಗುವಾಗ ಅದನ್ನು ದಿಂಬಿನ ಕೆಳಗೆ ಇಡುವುದು ಬೇಡ.

ತರಂಗಗಳ ಕೆಡುಕಿನ ಬಗ್ಗೆ ಸಂದೇಹವಿದೆ. ಆದರೆ ಮೊಬೈಲಿನಲ್ಲಿ ಮಾತನಾಡುತ್ತ ಗಾಡಿ ಓಡಿಸುವುದು ಅಪಾಯ ಎಂಬುದರಲ್ಲಿ ಸಂದೇಹವೇ ಇಲ್ಲ. ಧರ್ಮಪುರಿಯಿಂದ ಸೇಲಂಗೆ ಹೋಗುವ ತೊಪ್ಪೂರು ಘಾಟಿಯ ಇಳಿಜಾರಿನಲ್ಲಿ ಎಷ್ಟೋ ಅಪಘಾತಗಳಾಗಿವೆ. ಅಂತಹ ದಾರಿಯಲ್ಲಿ ಒಂದು ಕ್ಷಣ ಗಮನ ತಪ್ಪಿದರೂ ಜೀವಕ್ಕೇ ಕುತ್ತು. ಮಕ್ಕಳೇ, ಅಪ್ಪನೋ ಅಣ್ಣನೋ ಗಾಡಿ ಓಡಿಸುವಾಗ ಮೊಬೈಲ್ ಕೂಗಿದರೆ, "ಗಾಡಿ ನಿಲ್ಲಿಸಿ ಮಾತಾಡಿ" ಎಂದು ಹೇಳಿ. ಒಳ್ಳೆಯ ಮಾತನ್ನು ಚಿಕ್ಕವರು ಹೇಳಿದರೂ ದೊಡ್ಡವರು ಕೇಳಬೇಕಲ್ಲವೇ?